ತಂತ್ರಜ್ಞಾನದ ಮಾತಿನಲ್ಲಿ ರಾಜಕೀಯ ಬೇಡವಾ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಹೇಳಿ

ಕ್ಯಾತ್ಸಂದ್ರದವನು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಪುರುಸೊತ್ತು ಮಾಡಿಕೊಂಡು ಓದಿ.

2025ರ ನವೆಂಬರ್ 18ರಿಂದ 20ರ ತನಕ ಬೆಂಗಳೂರು ಟೆಕ್ ಸಮ್ಮಿಟ್ ನಡೆಯಿತಲ್ಲ, ಅದಕ್ಕೆ ಒಂದು ದಿನ ಹೋಗಿದ್ದೆ. 1998ರಲ್ಲಿ ಶುರುವಾದ ಮೇಳ ಅದು. ಈಗ 28ನೇದು. ಹೋದ ವರ್ಷ ಅರಮನೆಯಲ್ಲಿ ಇತ್ತು. ಈ ಸಲ ಮಾದಾವರಕ್ಕೆ ಬಂತು. ಅಂದರೆ ನಮ್ಮ ತುಮಕೂರು ರೋಡಿಗೆ. ಮನೆ ಬಾಗಿಲಿಗೆ ಬಂದಿದೆ, ನೋಡದೆ ಇರುವುದು ಹೇಗೆ ಅಂತ ರಜೆ ಹಾಕಿ ಬಸ್ ಹತ್ತಿದೆ.

ಡ್ರೋನ್, ರೋಬೊ, ಎಲ್ಲಿ ನೋಡಿದರೂ ಎಐ. ರಾಜ್ಯ ಸರ್ಕಾರದ ಕಂಪನಿ ಕಿಯೋನಿಕ್ಸ್‌ನವರ ‘ಕಿಯೋ’ ಅನ್ನುವ ಪುಟ್ಟ ಕಂಪ್ಯೂಟರ್ ನನಗೆ ತುಂಬ ಹಿಡಿಸಿತು. ಕಡಿಮೆ ಬೆಲೆಯದು. ಓಪನ್ ಸೋರ್ಸ್. ನಮ್ಮ ಶಾಲೆಯ ಪಾಠಗಳನ್ನು ಕಲಿಸಿಟ್ಟ ಎಐ ಅದರೊಳಗೇ ಇದೆ, ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಇದು ಮಧುಗಿರಿ, ಪಾವಗಡದ ಶಾಲೆಗಳಿಗೆ ಬೇಗ ಬರಲಿ ಅಂತ ಮನಸಾರೆ ಅನಿಸಿತು.

ಆಮೇಲೆ ಇನ್ನೊಂದು ಮಳಿಗೆಗೆ ಹೋದೆ. ಎಲೆಯ ಫೋಟೊ ತೆಗೆದರೆ ಯಾವ ರೋಗ, ಯಾವ ಔಷಧಿ ಅಂತ ಫೋನೇ ಹೇಳುತ್ತದೆ. ಅಲ್ಲಿದ್ದ ಹುಡುಗ ಚೆನ್ನಾಗಿ ವಿವರಿಸಿದ. ನಾನು ಎರಡು ಪ್ರಶ್ನೆ ಕೇಳಿದೆ. ಅದು ತಪ್ಪು ಔಷಧಿ ಹೇಳಿ ಬೆಳೆ ಹೋದರೆ ರೈತ ಯಾರನ್ನು ಹಿಡಿಯಬೇಕು? ಅವನ ಜಮೀನಿನ ವಿವರ ಯಾರ ಹತ್ತಿರ ಇರುತ್ತದೆ? ಹುಡುಗ ಮರ್ಯಾದೆಯಿಂದಲೇ ಹೇಳಿದ: “ಸರ್, ಅದೆಲ್ಲ ಪಾಲಿಸಿ. ನಾವು ಟೆಕ್ನಾಲಜಿಯವರು. ಇಲ್ಲಿ ರಾಜಕೀಯ ಬೇಡ.”

ನೆಲಮಂಗಲ, ಡಾಬಸ್‌ಪೇಟೆ ದಾಟುವ ತನಕ ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ನಮ್ಮ ಮೂರು ಜಿಲ್ಲೆಗೆ ರಾಜಕೀಯ ಬಿಟ್ಟು ಬಂದ ತಂತ್ರಜ್ಞಾನ ಒಂದಾದರೂ ಇದೆಯಾ?

ಕರೆಂಟನ್ನೇ ತೆಗೆದುಕೊಳ್ಳಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದರು. 92 ಮೈಲಿ. ಆಗಿನ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನ್‌ಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಮೂರು ವರ್ಷ ತಡವಾಗಿ. ಆ ಲೈನ್‌ನ ಅಕ್ಕಪಕ್ಕದ ಹಳ್ಳಿಗಳು ಇನ್ನೆಷ್ಟು ಕಾದವೋ. ನೀರು, ತಂತಿ, ಯಂತ್ರ ಎಲ್ಲಾ ತಂತ್ರಜ್ಞಾನವೇ ಸರಿ. ಆದರೆ ಮೊದಲು ಯಾರಿಗೆ, ಆಮೇಲೆ ಯಾರಿಗೆ ಅಂತ ತೀರ್ಮಾನ ಮಾಡಿದ್ದು ತಂತಿ ಅಲ್ಲ. ಮೈಸೂರು ಸರ್ಕಾರ ಮತ್ತು ಗಣಿ ಕಂಪನಿ.

ಇನ್ನು ಸರ್ಕಾರದ ‘ಭೂಮಿ’ ಯೋಜನೆ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಹಾಕಿದರು. 67 ಲಕ್ಷ ರೈತರದ್ದು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಶಾನುಭೋಗರ ಕಾಲದಿಂದ ಕೈ ಮುಗಿದುಕೊಂಡು ನಿಲ್ಲುತ್ತಿದ್ದ ನಮ್ಮ ತಾತನಂಥವರಿಗೆ ಅದು ದೊಡ್ಡ ಬಿಡುಗಡೆ. ಆದರೆ ಅದು ಗೆದ್ದದ್ದು ಸಾಫ್ಟ್‌ವೇರ್ ಒಂದರಿಂದಲೇ ಅಲ್ಲ. ಕೈಬರಹದ ಪಹಣಿ ಇನ್ನು ನಡೆಯಲ್ಲ ಅಂತ ಸರ್ಕಾರ ಗಟ್ಟಿಯಾಗಿ ಹೇಳಿತು. ಅರ್ಜಿ ಮೊದಲು ಕೊಟ್ಟವರದ್ದು ಮೊದಲು ಆಗಬೇಕು, ಮಧ್ಯೆ ಯಾರದ್ದನ್ನೂ ತೂರಿಸುವಂತಿಲ್ಲ ಅಂತ ನಿಯಮ ಮಾಡಿತು. ಆ ಎರಡು ತೀರ್ಮಾನ ಇಲ್ಲದಿದ್ದರೆ ಕಂಪ್ಯೂಟರ್ ಮೇಲೆ ಬಟ್ಟೆ ಹೊದಿಸಿ ಇಟ್ಟಿರುತ್ತಿದ್ದರು.

ಅದೇ ‘ಭೂಮಿ’ಯ ಇನ್ನೊಂದು ಮುಖವೂ ನಮ್ಮ ಮನೆಯಲ್ಲಿದೆ. ಕೈಬರಹದಿಂದ ಕಂಪ್ಯೂಟರ್‌ಗೆ ಏರಿಸುವಾಗ ನಮ್ಮಮ್ಮನ ಹೆಸರಿನ ಒಂದು ಒತ್ತಕ್ಷರ ಬಿಟ್ಟುಹೋಗಿದೆ. ಒಂದೇ ಒತ್ತು. ಆಧಾರ್‌ನಲ್ಲಿ ಒತ್ತು ಇದೆ, ಪಹಣಿಯಲ್ಲಿ ಇಲ್ಲ. ಪಿಎಂ ಕಿಸಾನ್ ದುಡ್ಡು ನಿಂತಿದೆ. ಎರಡು ವರ್ಷದಿಂದ ಓಡಾಡುತ್ತಿದ್ದೇವೆ. ಕೌಂಟರ್‌ನಲ್ಲಿ ಕೂತವರು “ಸಿಸ್ಟಂ ತಗೊಳ್ತಿಲ್ಲಮ್ಮ” ಅನ್ನುತ್ತಾರೆ. ಹಿಂದೆ ಶಾನುಭೋಗರು ಇಲ್ಲ ಅಂದರೆ ಅವರ ಮನೆ ಜಗಲಿ ಮೇಲೆ ಕೂರಬಹುದಿತ್ತು. ಸಿಸ್ಟಂ ಮನೆ ಜಗಲಿ ಎಲ್ಲಿದೆ?

ಅದಕ್ಕೇ ನಿಮ್ಮನ್ನೆಲ್ಲ ಕೇಳುತ್ತಿದ್ದೇನೆ. ನಿಮ್ಮೂರಿಗೆ ಬಂದ ಒಂದು ತಂತ್ರಜ್ಞಾನದ ಬಗ್ಗೆ ಬರೆಯಿರಿ. ಅದರಿಂದ ಒಳ್ಳೆಯದಾಗಿದ್ದರೆ ಅದನ್ನೂ ಬರೆಯಿರಿ. ಜೊತೆಗೆ ಇದನ್ನೂ ಹೇಳಿ: ಅದು ತಪ್ಪಿದಾಗ ನೀವು ಯಾರ ಹತ್ತಿರ ಹೋಗುತ್ತೀರಿ?

ಗುಬ್ಬಿ ಕೋಡರ್:

ಅಣ್ಣ, ಪ್ರೀತಿಯಿಂದಲೇ ಹೇಳುತ್ತೇನೆ, ನನಗೆ ಒಪ್ಪಿಗೆ ಇಲ್ಲ. ನಾನು ಸಾಫ್ಟ್‌ವೇರ್ ಕೆಲಸದವನು. ದಿನಾ ಗುಬ್ಬಿಯಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತೇನೆ. ರಾಜಕೀಯ ಬಂದ ಕಡೆಯಲ್ಲೆಲ್ಲ ಕೆಲಸ ನಿಂತದ್ದನ್ನೇ ನೋಡಿದ್ದೇನೆ.

ನಮ್ಮ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 615 ಎಕರೆ. 2016ರ ಜನವರಿಯಲ್ಲಿ ಅಡಿಗಲ್ಲು, 2023ರ ಫೆಬ್ರವರಿ 6ಕ್ಕೆ ಉದ್ಘಾಟನೆ. ಎರಡನ್ನೂ ಪ್ರಧಾನಿಯೇ ಮಾಡಿದರು. ಮಧ್ಯೆ ಏಳು ವರ್ಷ. ಆ ಏಳು ವರ್ಷ ಊರಲ್ಲಿ ಇದು ಯಾರಿಂದ ಬಂತು ಅನ್ನುವ ಜಗಳವೇ ಜಾಸ್ತಿ. ನಮ್ಮ ಹುಡುಗರು ಅಲ್ಲಿ ಸೇರಬೇಕಾದರೆ ಏನು ಓದಬೇಕು ಅಂತ ಕೇಳಿದವರು ಕಡಿಮೆ.

ಈಗ ಮೆಟ್ರೊ ನೋಡಿ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ಮಾದಾವರಕ್ಕೆ ಬಂತು. ಅಲ್ಲಿಂದ ತುಮಕೂರಿಗೆ ತರಬೇಕು ಅಂತ ಒಬ್ಬರು, ಬೇಡವೇ ಬೇಡ ಅಂತ ಇನ್ನೊಬ್ಬರು. ಜಿ. ಪರಮೇಶ್ವರ ಅವರು ಬೇಕು ಅನ್ನುತ್ತಾರೆ. ತೇಜಸ್ವಿ ಸೂರ್ಯ ಅವರು ಸಬರ್ಬನ್ ರೈಲು ಸಾಕು ಅನ್ನುತ್ತಾರೆ. ಇಬ್ಬರ ಬೆಂಬಲಿಗರೂ ಬೈದಾಡುತ್ತಾರೆ. ಲೆಕ್ಕ ಮಾತ್ರ ಯಾರೂ ಮಾಡುವುದಿಲ್ಲ.

ಲೆಕ್ಕ ನಾನು ಮಾಡುತ್ತೇನೆ. ಪ್ರತಿ ಕಿಲೋಮೀಟರಿಗೊಂದು ನಿಲ್ದಾಣ ಇರುವುದರಿಂದ ಮೆಟ್ರೊ ಸರಾಸರಿ ಓಟ ಗಂಟೆಗೆ 35 ಕಿ.ಮೀ. ಆಸುಪಾಸು. ತುಮಕೂರಿನಿಂದ ಮೆಜೆಸ್ಟಿಕ್‌ಗೆ ಸುಮಾರು 70 ಕಿ.ಮೀ. ಹತ್ತಿರ ಹತ್ತಿರ ಎರಡು ಗಂಟೆ ಆಯಿತು. ಈಗಿನ ರೈಲಿನಲ್ಲಿ ಒಂದೂಕಾಲು, ಒಂದೂವರೆ ಗಂಟೆಗೆ ಹೋಗುತ್ತೇವೆ. ಸಬರ್ಬನ್‌ನ ಮಲ್ಲಿಗೆ ಮಾರ್ಗ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದ ತನಕ ಬರುತ್ತದೆ. ಚಿಕ್ಕಬಾಣಾವರ ನಮ್ಮ ತುಮಕೂರು ಲೈನ್ ಮೇಲೇ ಇದೆ. ಹಳಿ ಇದೆ, ಕರೆಂಟ್ ಇದೆ, ಜೋಡಿ ಮಾರ್ಗವೂ ಇದೆ. ಬೆಳಿಗ್ಗೆ ಸಂಜೆ ಅರ್ಧ ಗಂಟೆಗೊಂದು ಗಾಡಿ ಬಿಟ್ಟರೆ ಸಾಕು. ಇದು ಎಂಜಿನಿಯರಿಂಗ್ ಪ್ರಶ್ನೆ, ಪಕ್ಷದ ಪ್ರಶ್ನೆ ಅಲ್ಲ.

ಕ್ಯಾತ್ಸಂದ್ರದವನು:

ನಿಮ್ಮ ಲೆಕ್ಕ ಸರಿಯಾಗಿದೆ. ನಾನೂ ರೈಲಿನ ಕಡೆಯೇ. ಆದರೆ ಒಂದು ಯೋಚನೆ ಮಾಡಿ. ಅರ್ಧ ಗಂಟೆಗೊಂದು ಗಾಡಿ ಬಿಡಿ ಅಂತ ಯಾರಿಗೆ ಹೇಳುತ್ತೀರಿ? ಎಕ್ಸ್‌ಪ್ರೆಸ್ ಗಾಡಿಗೆ ದಾರಿ ಬಿಡಲು ನಿಮ್ಮ ಗಾಡಿಯನ್ನು ಹಿರೇಹಳ್ಳಿಯಲ್ಲೋ ದೊಡ್ಡಬೆಲೆಯಲ್ಲೋ ನಿಲ್ಲಿಸುತ್ತಾರಲ್ಲ, ಅದನ್ನು ತೀರ್ಮಾನ ಮಾಡುವವರು ಯಾರು? ದಿನಾ ಓಡಾಡುವವರ ಸಮಯಕ್ಕಿಂತ ದೂರ ಹೋಗುವವರ ಸಮಯ ಹೆಚ್ಚು ಅಂತ ಯಾರೋ ಎಲ್ಲೋ ಒಪ್ಪಿದ್ದಾರೆ. ನಾನು ರಾಜಕೀಯ ಅನ್ನುವುದು ಅದಕ್ಕೆ. ಬಾವುಟ ಹಿಡಿದು ಬೈದಾಡುವುದನ್ನಲ್ಲ.

ಪಾವಗಡದ ಬಿಸಿಲು:

ನಮ್ಮ ಕಡೆ ಬಂದದ್ದು ಸೋಲಾರ್. ಬರೆಯಲೇಬೇಕು ಅನಿಸಿತು.

ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆ. 2,050 ಮೆಗಾವಾಟ್. 2018ರಲ್ಲಿ ಮೊದಲ ಹಂತ ಶುರುವಾಯಿತು. ಇಲ್ಲಿ ಒಂದು ಒಳ್ಳೆಯ ಕೆಲಸ ಆಗಿದೆ, ಅದನ್ನು ಮೊದಲು ಹೇಳುತ್ತೇನೆ. ಜಮೀನು ಕಿತ್ತುಕೊಳ್ಳಲಿಲ್ಲ. ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಪಹಣಿ ರೈತನ ಹೆಸರಲ್ಲೇ ಇದೆ. ಕಡ್ಲೆಕಾಯಿ ಹಾಕಿ, ಮಳೆ ಕೈಕೊಟ್ಟು, ಬಿತ್ತನೆ ಖರ್ಚೂ ಹುಟ್ಟದೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಜನ ನಾವು. ಹತ್ತು ಎಕರೆ ಇದ್ದವನಿಗೆ ವರ್ಷಕ್ಕೆ ಎರಡು ಲಕ್ಷದ ಮೇಲೆ ಕೂತಲ್ಲಿಗೆ ಬರುತ್ತದೆ. ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು.

ಆದರೆ ಜಮೀನೇ ಇಲ್ಲದವನಿಗೆ? ನಮ್ಮಪ್ಪ ಕುರಿ ಕಾಯುತ್ತಿದ್ದರು. ಸ್ವಂತ ನೆಲ ಇರಲಿಲ್ಲ. ಬೆಳೆ ಕೊಯ್ದ ಮೇಲೆ ಯಾರ ಹೊಲದಲ್ಲಾದರೂ ಮೇಯಿಸಬಹುದಿತ್ತು. ಕುರಿ ನಿಂತರೆ ಗೊಬ್ಬರ ಆಗುತ್ತದೆ ಅಂತ ಹೊಲದವರೇ ಕರೆಯುತ್ತಿದ್ದರು. ಈಗ ಬೇಲಿ. ಕುರಿ ಮಾರಿಬಿಟ್ಟರು. ಕಳೆ ಕೀಳಲು, ಕಡ್ಲೆಕಾಯಿ ಬಿಡಿಸಲು ಹೋಗುತ್ತಿದ್ದ ಅಮ್ಮನಿಗೂ ಕೂಲಿ ನಿಂತಿತು. ಪ್ಯಾನೆಲ್ ಒರೆಸುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಇದೆ. ಅದು ಎಷ್ಟು ಜನಕ್ಕೆ ಸಾಕಾಗುತ್ತದೆ?

ನೀವು ಕೇಳಿದ ಪ್ರಶ್ನೆಗೆ ಉತ್ತರ: ಗುತ್ತಿಗೆ ದುಡ್ಡು ತಡವಾದರೆ ರೈತ ಹೋಗಿ ಕೇಳಬಹುದು, ಅವನ ಹತ್ತಿರ ಕಾಗದ ಇದೆ. ನಮ್ಮಪ್ಪನ ಹತ್ತಿರ ಕಾಗದವೇ ಇಲ್ಲ. ಹೊಲದವನು, ಕುರಿಯವನು ಮಾಡಿಕೊಂಡದ್ದು ಬಾಯಿಮಾತಿನ ಒಪ್ಪಂದ. ಅದು ಯಾವ ಕಂಪ್ಯೂಟರ್‌ನಲ್ಲೂ ಇಲ್ಲ.

ಗುಬ್ಬಿ ಕೋಡರ್:

ಇದನ್ನು ನಾನು ಈ ರೀತಿ ಯೋಚಿಸಿರಲಿಲ್ಲ. ಬರೆದದ್ದಕ್ಕೆ ಥ್ಯಾಂಕ್ಸ್.

ಕೋಲಾರದ ಮೇಷ್ಟ್ರು:

ನಾನು ಕೆ.ಸಿ. ವ್ಯಾಲಿ ನೀರಿನ ವಿಷಯ ಹೇಳುತ್ತೇನೆ. ಇದರಲ್ಲಿ ಪರ ಅಂದರೆ ಒಂದು ಪಕ್ಷ, ವಿರೋಧ ಅಂದರೆ ಇನ್ನೊಂದು ಪಕ್ಷ ಅಂತ ಮಾಡಿಟ್ಟಿದ್ದಾರೆ. ಅದು ನನಗೆ ಬಹಳ ಬೇಸರ.

ಕೋಲಾರದವರು ನೀರಿಗಾಗಿ ಸಾವಿರದೈನೂರು ಅಡಿ ಕೊರೆದವರು. ನಮ್ಮ ಕೆರೆ ಅಂಗಳದಲ್ಲಿ ಜಾಲಿ ಬೆಳೆದು, ಮಕ್ಕಳು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರು. ಅದನ್ನು ಶುದ್ಧ ಮಾಡಿ, ಪಂಪ್ ಮಾಡಿ, ಮೇಲಕ್ಕೆ ತಂದದ್ದು. ಯೋಜನೆಯ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್. ಕೆರೆ ತುಂಬಿದ ದಿನ ನಮ್ಮೂರ ಹೆಂಗಸರು ಅರಿಶಿನ ಕುಂಕುಮ ಹಾಕಿ ಪೂಜೆ ಮಾಡಿದರು. ನಿಂತುಹೋಗಿದ್ದ ಬೋರ್‌ಗಳಲ್ಲಿ ನೀರು ಬಂತು. ಇದನ್ನು ಅಲ್ಲಗಳೆಯುವವರು ನಮ್ಮೂರಿಗೆ ಬಂದು ನೋಡಲಿ.

ಈಗ ಇನ್ನೊಂದು ಕಡೆ. ಕೊಳಚೆ ನೀರನ್ನು ಶುದ್ಧ ಮಾಡುವುದರಲ್ಲಿ ಮೂರು ಹಂತ ಇದೆ. ಮೊದಲನೆಯದರಲ್ಲಿ ಕಸ, ಮಣ್ಣು ತಳಕ್ಕೆ ಕೂರುತ್ತದೆ. ಎರಡನೆಯದರಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ, ಅವು ಹೊಲಸನ್ನು ತಿಂದು ಕರಗಿಸುತ್ತವೆ. ಮೂರನೆಯದರಲ್ಲಿ ಉಳಿದ ಸಾರಜನಕ, ರಂಜಕ, ಸಣ್ಣ ಕಣ, ರೋಗಾಣು ಇವನ್ನು ತೆಗೆಯಬೇಕು. ನಮಗೆ ಬರುತ್ತಿರುವುದು ಎರಡು ಹಂತ ದಾಟಿದ ನೀರು. ಶುರುವಿನಲ್ಲೇ ನೊರೆ ಕಂಡಿತು. ಸೋಪು, ಡಿಟರ್ಜೆಂಟ್‌ನ ಅಂಶ ಉಳಿದರೆ ನೊರೆ ಬರುತ್ತದೆ, ಬೆಳ್ಳಂದೂರು ಕೆರೆಯಲ್ಲಿ ಎಲ್ಲರೂ ನೋಡಿದ್ದಾರೆ. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಯಿತು. ಮೂರನೇ ಹಂತ ಬೇಕು ಅನ್ನುವ ಹೋರಾಟ ಇನ್ನೂ ನಡೆಯುತ್ತಿದೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಂದ ಎಚ್.ಎನ್. ವ್ಯಾಲಿ, ಅಂದರೆ ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಯ ನೀರಿನ ಕಥೆಯೂ ಇದೇ.

ಈ ನೀರು ನೇರವಾಗಿ ಬಳಸಲು ಅಲ್ಲ, ಇಂಗಿಸಲು. ಕೆರೆಗೆ ಮೋಟಾರ್ ಇಡುವಂತಿಲ್ಲ. ಸರಿ. ಆದರೆ ಇಂಗಿದ ನೀರು ಬೋರ್‌ನಲ್ಲಿ ಬರುತ್ತದೆ. ಬೋರ್ ನೀರನ್ನು ದನ ಕುಡಿಯುತ್ತವೆ, ಟೊಮೆಟೊಗೆ ಬಿಡುತ್ತೇವೆ. ನಾನು ಶಾಲೆಯಲ್ಲಿ ವಿಜ್ಞಾನ ಹೇಳುವವನು. ಏಳನೇ ಕ್ಲಾಸಿನ ಹುಡುಗಿ ಒಬ್ಬಳು ಎದ್ದು ಕೇಳಿದಳು: “ಸಾರ್, ನಮ್ ಬೋರ್ ನೀರು ಕುಡಿಬೋದಾ?” ಉತ್ತರ ನನ್ನ ಹತ್ತಿರ ಇರಲಿಲ್ಲ. ನೀರಿನ ಪರೀಕ್ಷೆ ಮಾಡುತ್ತಾರೆ, ವರದಿ ಬರೆಯುತ್ತಾರೆ. ಆ ವರದಿ ನಮ್ಮ ಕೆರೆ ಏರಿ ಮೇಲೆ ಯಾಕೆ ಇಲ್ಲ? ಒಂದು ಬೋರ್ಡು ಹಾಕಿ, ಮೂರು ತಿಂಗಳಿಗೊಮ್ಮೆ ಅಂಕಿ ಬರೆಯಿರಿ. ನೈಟ್ರೇಟ್ ಎಷ್ಟು, ಭಾರಲೋಹ ಎಷ್ಟು, ಎಷ್ಟರ ಒಳಗೆ ಇರಬೇಕು. ನಾನು ಕೇಳುವುದು ಇಷ್ಟೇ. ಇದನ್ನು ಕೇಳಿದರೆ “ನೀವು ಆ ಪಕ್ಷದವರಾ” ಅನ್ನುತ್ತಾರೆ.

ಶಿರಾ ಗೇಟ್:

ಮೇಷ್ಟ್ರೇ, ಆ ಬೋರ್ಡಿನ ಮಾತು ನೂರಕ್ಕೆ ನೂರು ಸರಿ. ಎತ್ತಿನಹೊಳೆ ನೀರು ಬಂದಾಗಲೂ ಇದನ್ನೇ ಕೇಳಬೇಕು.

ಮುಳಬಾಗಿಲು ಅಕ್ಕ:

ನಾನು ನರಸಾಪುರದ ಕಡೆಯ ಮಾತು ಹೇಳುತ್ತೇನೆ. ಇಲ್ಲಿ ಯಾರೂ ಇನ್ನೂ ಹೆಣ್ಣುಮಕ್ಕಳ ವಿಷಯ ಎತ್ತಿಲ್ಲ.

ಜಗತ್ತಿನ ಜನ ಹಿಡಿದಿರುವ ಐಫೋನ್‌ಗಳಲ್ಲಿ ಎಷ್ಟೋ ನಮ್ಮ ಕೋಲಾರದಲ್ಲಿ ಜೋಡಿಸಿದ್ದು. ಇದು ನನಗೆ ನಿಜವಾಗಿಯೂ ಹೆಮ್ಮೆ. 2020ರ ಡಿಸೆಂಬರ್ 12ರ ಬೆಳಿಗ್ಗೆ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ಗಾಜು ಒಡೆದದ್ದು, ಬೆಂಕಿ ಬಿದ್ದದ್ದು ಟಿ.ವಿ.ಯಲ್ಲಿ ದಿನಗಟ್ಟಲೆ ಬಂತು. ಆಮೇಲೆ ಕಾರ್ಖಾನೆಗಳ ಇಲಾಖೆ ತನಿಖೆ ಮಾಡಿತು. ಸಂಬಳ, ಹಾಜರಿ ಲೆಕ್ಕದಲ್ಲಿ ಲೋಪ ಇದೆ ಅಂತ ಹೇಳಿತು. ತಪ್ಪು ಸರಿಯಾಗುವ ತನಕ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡಲ್ಲ ಅಂತ ಆ್ಯಪಲ್ ಕೂಡ ಹೇಳಿತು. ಇದು ಟಿ.ವಿ.ಯಲ್ಲಿ ಅಷ್ಟೊಂದು ಬರಲಿಲ್ಲ. 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾದವರು ಕೊಂಡರು.

ಒಡೆದದ್ದು ತಪ್ಪು. ಸಾವಿರ ಸಲ ತಪ್ಪು. ಆದರೆ ಅದಕ್ಕೂ ಮುಂಚೆ ಹುಡುಗರು ಸಂಬಳದ ಲೆಕ್ಕ ಕೇಳಿಕೊಂಡು ತಿಂಗಳುಗಟ್ಟಲೆ ಓಡಾಡಿದರು. ಏಜೆನ್ಸಿಯವರು ಕಂಪನಿ ಕಡೆ ಕೈ ತೋರಿಸಿದರೆ, ಕಂಪನಿಯವರು ಏಜೆನ್ಸಿ ಕಡೆ.

ನನ್ನ ತಂಗಿ ಇದೇ ಸುತ್ತಿನ ಬೇರೊಂದು ಕಾರ್ಖಾನೆಗೆ ಹೋಗುತ್ತಾಳೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕಂಪನಿ ಬಸ್ ಹಿಡಿಯಬೇಕು. ಅವಳ ಸಂಬಳದಿಂದ ತಮ್ಮ ಡಿಪ್ಲೊಮಾ ಓದಿದ. ಮದುವೆಗೆ ಅವಸರ ಮಾಡಬೇಡಿ ಅಂತ ಅಪ್ಪನ ಎದುರು ಅವಳೇ ಮಾತಾಡಿದಳು. ಮೊದಲು ನಮ್ಮ ಮನೆಯಲ್ಲಿ ಆ ಧೈರ್ಯ ಯಾರಿಗೂ ಇರಲಿಲ್ಲ. ಕಾರ್ಖಾನೆ ಅದನ್ನು ಕೊಟ್ಟಿದೆ.

2023ರಲ್ಲಿ ಕಾನೂನು ತಿದ್ದಿದರು. ದಿನಕ್ಕೆ 12 ಗಂಟೆ ತನಕ ದುಡಿಸಬಹುದು, ವಾರಕ್ಕೆ 48 ದಾಟಬಾರದು ಅಂತ ಮಾಡಿದರು. ಹೆಣ್ಣುಮಕ್ಕಳು ಒಪ್ಪಿದರೆ ರಾತ್ರಿ ಪಾಳಿಯೂ ಮಾಡಬಹುದು. ಪೇಪರ್‌ನಲ್ಲಿ ಒಪ್ಪಿದರೆ ಅಂತ ಇದೆ. ಒಪ್ಪಲ್ಲ ಅಂದವಳನ್ನು ಮುಂದಿನ ತಿಂಗಳೂ ಕೆಲಸಕ್ಕೆ ಕರೆಯುತ್ತಾರಾ? ರಾತ್ರಿ ಎರಡಕ್ಕೆ ಬಸ್ ಮುಖ್ಯರಸ್ತೆಯಲ್ಲಿ ಇಳಿಸಿದರೆ ಅಲ್ಲಿಂದ ಊರೊಳಕ್ಕೆ ಒಂದೂವರೆ ಕಿಲೋಮೀಟರ್ ಇದೆ. ಬೀದಿ ದೀಪ ಇಲ್ಲ. ಅದನ್ನು ಹಾಕಿಸುವುದು ಕಂಪನಿಯದಾ, ಪಂಚಾಯ್ತಿಯದಾ? ನಾನೂ ಅಪ್ಪನೂ ಟಾರ್ಚ್ ಹಿಡಿದು ಹೋಗಿ ಕರೆದುಕೊಂಡು ಬರುತ್ತೇವೆ. ಇದನ್ನು ರಾಜಕೀಯ ಅನ್ನಿ, ಅನ್ನದಿರಿ. ನನಗೆ ದೀಪ ಬೇಕು.

ಗುಬ್ಬಿ ಕೋಡರ್:

ಅಕ್ಕ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಕೆಲಸದ ವಿಷಯ ಬಂದಿದ್ದರಿಂದ ಇನ್ನೊಂದು ಕೇಳುತ್ತೇನೆ. 2024ರ ಜುಲೈಯಲ್ಲಿ ಸ್ಥಳೀಯರಿಗೆ ಕೆಲಸದ ಮಸೂದೆ ಬಂತಲ್ಲ. ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ 50%, ಉಳಿದದ್ದರಲ್ಲಿ 70%. ಸಂಪುಟ ಒಪ್ಪಿದ ಎರಡೇ ದಿನಕ್ಕೆ ತಡೆಹಿಡಿದರು. ನನ್ನ ಆಫೀಸಲ್ಲಿ ಹೊರ ರಾಜ್ಯದ ಗೆಳೆಯರು ತುಂಬ ಇದ್ದಾರೆ. ಅವತ್ತು ಊಟದ ಮೇಜಿನಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ನನಗೆ ಎರಡೂ ಕಡೆ ನೋವಾಯಿತು. ಅದಕ್ಕೇ ನಾನು ರಾಜಕೀಯ ಬೇಡ ಅನ್ನುವುದು.

ಮುಳಬಾಗಿಲು ಅಕ್ಕ:

ತಮ್ಮಾ, ಆ ನೋವು ನನಗೂ ಅರ್ಥವಾಗುತ್ತದೆ. ಆದರೆ ನರಸಾಪುರ, ವೇಮಗಲ್‌ಗೆ ಜಮೀನು ಬಿಟ್ಟುಕೊಟ್ಟವರ ಮಗ ಗೇಟಿನಲ್ಲಿ ಸೆಕ್ಯುರಿಟಿ ಆಗಿ ನಿಂತಿದ್ದಾನೆ. ಅವನನ್ನು ದಿನಾ ನೋಡುತ್ತೇನೆ. ಬಂದವರನ್ನು ಓಡಿಸಿ ಅಂತ ಅವನು ಹೇಳುವುದಿಲ್ಲ. ಒಳಗಿನ ಮೆಷಿನ್ ಕೆಲಸ ನನಗೂ ಕಲಿಸಿ ಅನ್ನುತ್ತಾನೆ. ಶೇಕಡಾವಾರು ಲೆಕ್ಕಕ್ಕಿಂತ ಮುಂಚೆ ಐಟಿಐಗಳಲ್ಲಿ ಈಗಿನ ಮೆಷಿನ್ ತಂದು ಇಡಲಿ. ಆಮೇಲೆ ಮಿಕ್ಕದ್ದು ಮಾತಾಡೋಣ.

ಕೊರಟಗೆರೆ ಟೀಚರ್:

ನಾನು 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಹೋಗಿದ್ದೆ. ಜಾತಿಗಣತಿ ಅಂತ ಎಲ್ಲರೂ ಕರೆದದ್ದು ಅದನ್ನೇ. 60 ಪ್ರಶ್ನೆ. ಮೊದಲೇ ಮನೆ ಮನೆಗೆ ಸ್ಟಿಕ್ಕರ್ ಅಂಟಿಸಿದ್ದರು. ಕರೆಂಟ್ ಮೀಟರ್‌ನ ಆರ್.ಆರ್. ನಂಬರ್ ಇಟ್ಟುಕೊಂಡು ಮನೆ ಹುಡುಕಬೇಕು, ಫೋನಿನಲ್ಲೇ ತುಂಬಬೇಕು. ಗಡುವು ಮುಂದೆ ಹೋಯಿತು, ಶಾಲೆಗೆ ಅಕ್ಟೋಬರ್ 18ರ ತನಕ ರಜೆ ಕೊಟ್ಟರು.

ಆ್ಯಪ್ ಮಾಡಿದವರು ಒಂದು ಮೀಟರ್ ಅಂದರೆ ಒಂದು ಮನೆ ಅಂದುಕೊಳ್ಳಬಹುದು. ನಮ್ಮ ಕಡೆ ಒಂದು ಮೀಟರ್‌ಗೆ ಮೂರು ಒಲೆ ಇರುತ್ತದೆ. ಅಣ್ಣತಮ್ಮಂದಿರು ಅಡುಗೆ ಬೇರೆ ಮಾಡಿಕೊಂಡಿರುತ್ತಾರೆ, ಕರೆಂಟ್ ಬಿಲ್ ಅಪ್ಪನ ಹೆಸರಲ್ಲೇ ಇರುತ್ತದೆ. ಮೂರು ಸಂಸಾರ ಬೇರೆ ಬೇರೆ ಬರೆಸಿ ಅಂದರೆ, “ಮನೆ ಭಾಗ ಮಾಡೋಕೆ ಬಂದಿದ್ದೀರಾ ಮೇಡಂ?” ಅಂತ ಅಜ್ಜಿ ಕಣ್ಣೀರು ಹಾಕಿತು. ಅದರ ಪಕ್ಕ ಕೂತು ಸಮಾಧಾನ ಮಾಡಿದ ಅರ್ಧ ಗಂಟೆ ಯಾವ ಕಾಲಂನಲ್ಲೂ ಇಲ್ಲ.

ಬೆಟ್ಟದ ಬುಡದ ಹಟ್ಟಿಗಳಲ್ಲಿ ನೆಟ್‌ವರ್ಕ್ ಇಲ್ಲ. ನೀರಿನ ಟ್ಯಾಂಕ್ ಮೆಟ್ಟಿಲು ಹತ್ತಿ ನಿಂತರೆ ಒಂದು ಕಡ್ಡಿ ಬರುತ್ತಿತ್ತು. ಓಟಿಪಿ ಬರುವ ಹೊತ್ತಿಗೆ ಮನೆಯವರು ಹೊಲಕ್ಕೆ ಹೋಗಿರುತ್ತಿದ್ದರು.

ಹಾಗಂತ ಸಮೀಕ್ಷೆಯೇ ಬೇಡ ಅಂತ ನಾನು ಹೇಳುವುದಿಲ್ಲ. ಯಾರು ಎಷ್ಟು ಓದಿದ್ದಾರೆ, ಯಾರಿಗೆ ನೆಲ ಇದೆ, ಯಾರಿಗಿಲ್ಲ ಅಂತ ಗೊತ್ತಾಗದೆ ನ್ಯಾಯ ಹಂಚುವುದು ಹೇಗೆ? ಪಾವಗಡದವರು ಬರೆದರಲ್ಲ, ಅವರ ತಂದೆಯ ಕುರಿ, ಅವರ ತಾಯಿಯ ಕೂಲಿ ಎಲ್ಲೋ ಒಂದು ಕಡೆ ದಾಖಲೆ ಆಗಲೇಬೇಕು. ಮಾಹಿತಿ ಕೊಡುವುದು ಜನರ ಇಷ್ಟ, ಒತ್ತಾಯ ಮಾಡುವಂತಿಲ್ಲ, ಗುಟ್ಟಾಗಿ ಇಡಬೇಕು ಅಂತ ಹೈಕೋರ್ಟ್ ಹೇಳಿತು. ಅದನ್ನು ನಾನು ಪ್ರತಿ ಮನೆಯಲ್ಲೂ ಮೊದಲು ಹೇಳುತ್ತಿದ್ದೆ. ಹೇಳಿದ ಮೇಲೆ ಜನ ಇನ್ನೂ ಜಾಸ್ತಿ ಬಿಚ್ಚಿ ಮಾತಾಡಿದರು.

ಶಿಡ್ಲಘಟ್ಟ ರೇಷ್ಮೆ:

ನಾವು ಗೂಡು ಬೆಳೆಯುವವರು. ಮಾರ್ಕೆಟ್‌ನಲ್ಲಿ ಇ-ಹರಾಜು ಬಂದಿದೆ. ಹಿಂದೆ ಟವಲ್ ಕೆಳಗೆ ಕೈ ಹಿಡಿದು ಬೆರಳು ಒತ್ತಿ ರೇಟು ಹೇಳುತ್ತಿದ್ದರು ಅಂತ ತಾತ ಹೇಳುತ್ತಿದ್ದರು. ಈಗ ಲಾಟ್ ನಂಬರ್, ರೇಟು ಎಲ್ಲ ಕಣ್ಣೆದುರು. ನಮಗೆ ಇದು ಒಳ್ಳೆಯದೇ ಆಗಿದೆ. ರೇಟು ಇಷ್ಟವಾಗದಿದ್ದರೆ ಬೇಡ ಅನ್ನಬಹುದು. ಆ ಬೇಡ ಅನ್ನುವ ಹಕ್ಕು ಇದೆಯಲ್ಲ, ಅದೇ ದೊಡ್ಡದು.

ಈಗ ನಮ್ಮ ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕೆಗೆ ಜಮೀನು ಕೇಳುತ್ತಿದ್ದಾರೆ. ಕೊಡುತ್ತೇವೆ ಅನ್ನುವವರೂ ಇದ್ದಾರೆ, ಪ್ರಾಣ ಹೋದರೂ ಕೊಡಲ್ಲ ಅನ್ನುವವರೂ ಇದ್ದಾರೆ. ಒಂದೇ ಬೀದಿಯಲ್ಲಿ ಮಾತು ಬಿಟ್ಟಿದ್ದಾರೆ. ಪಕ್ಕದ ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯವರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತರು. ಏರೋಸ್ಪೇಸ್ ಪಾರ್ಕ್‌ಗೆ ಅಂತ ಕೇಳಿದ್ದು. 2025ರ ಜುಲೈ 15ಕ್ಕೆ ಮುಖ್ಯಮಂತ್ರಿ ಅದನ್ನು ಕೈಬಿಟ್ಟರು. ಕೊಡುವವರದ್ದು ಮಾತ್ರ ತೆಗೆದುಕೊಳ್ಳುತ್ತೇವೆ ಅಂದರು. ನೋಡಿ, ಅಲ್ಲೂ ಅದೇ. ಗೂಡಿನ ಲಾಟ್‌ಗೆ ಬೇಡ ಅನ್ನುವ ಗುಂಡಿ ಇದೆ. ಹಿಪ್ಪುನೇರಳೆ ತೋಟಕ್ಕೆ ಆ ಗುಂಡಿ ಸಿಗಲು ಸಾವಿರ ದಿನದ ಮೇಲೆ ಬೀದಿಯಲ್ಲಿ ಕೂರಬೇಕಾಯಿತು.

ಗೌರಿಬಿದನೂರು ಹುಡುಗಿ:

ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಎಲ್ಲರದ್ದೂ ಓದಿದೆ. ನಮ್ಮೂರಿನ ಹತ್ತಿರ ರೇಡಿಯೊ ದೂರದರ್ಶಕ ಇದೆ, 1976ರಿಂದ. ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುವ ಜಾಗ. ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಎಚ್. ನರಸಿಂಹಯ್ಯನವರು ನಮ್ಮ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದರು. ಆಗಲೂ ಎಷ್ಟೋ ಜನಕ್ಕೆ ಸಿಟ್ಟು ಬಂತು. ಪುಟ್ಟಪರ್ತಿಯ ಸಾಯಿಬಾಬಾ ಬೂದಿ ಕೊಟ್ಟರೆ ಪರೀಕ್ಷೆ ಮಾಡಬೇಕು ಅಂದವರ ಊರಿನವಳು ನಾನು. ಫೋನ್ ಔಷಧಿ ಹೇಳಿದರೂ ಪರೀಕ್ಷೆ ಮಾಡಬೇಕು ಅಲ್ವಾ? ಮೇಷ್ಟ್ರ ಬೋರ್ಡು, ನೀವು ಮಳಿಗೆಯಲ್ಲಿ ಕೇಳಿದ ಪ್ರಶ್ನೆ, ಎರಡೂ ನನಗೆ ಒಂದೇ ಅನಿಸಿತು.

ಮೇಷ್ಟ್ರೇ, ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ನೈಟ್ರೇಟ್ ನೋಡಲು ಆಗುತ್ತದೆ. ನಮ್ಮ ಮೇಡಂ ಹತ್ತಿರ ಮಾತಾಡಿದ್ದೇನೆ, ಒಪ್ಪಿದ್ದಾರೆ. ಸರ್ಕಾರಿ ವರದಿಯ ಬದಲಿಗೆ ಅಲ್ಲ, ನಾವು ಕಲಿಯಲು. ನಿಮ್ಮ ಶಾಲೆಯ ಆ ಏಳನೇ ಕ್ಲಾಸಿನ ಹುಡುಗಿಯ ಬೋರ್ ನೀರು ಒಂದು ಬಾಟಲಿ ಕಳಿಸಬಹುದಾ?

ಕೋಲಾರದ ಮೇಷ್ಟ್ರು:

ಕಳಿಸುತ್ತೇನಮ್ಮ. ಅವಳ ಕೈಯಲ್ಲೇ ತುಂಬಿಸಿ ಕಳಿಸುತ್ತೇನೆ. ಹೇಗೆ ತುಂಬಬೇಕು, ಎಷ್ಟು ಹೊತ್ತಿನೊಳಗೆ ಲ್ಯಾಬ್ ತಲುಪಬೇಕು ಅಂತ ನಿಮ್ಮ ಮೇಡಂ ಹತ್ತಿರ ಕೇಳಿ ಬರೆಯಿರಿ. ಗ್ರಾಮಸಭೆ ಬರುವ ತಿಂಗಳಿದೆ. ಬೋರ್ಡಿನ ಅರ್ಜಿ ಬರೆದಿಟ್ಟಿದ್ದೇನೆ. ನಲವತ್ತು ಸಹಿ ಆಗಿದೆ, ಎಲ್ಲ ಪಕ್ಷದವರದ್ದೂ ಇದೆ.

ಗುಬ್ಬಿ ಕೋಡರ್:

ಕ್ಯಾತ್ಸಂದ್ರದ ಅಣ್ಣ, ನಿಮ್ಮ ಅಮ್ಮನ ಒತ್ತಕ್ಷರದ ವಿಷಯ ಎರಡು ದಿನದಿಂದ ನನ್ನ ತಲೆಯಲ್ಲೇ ಇದೆ. ನಮ್ಮಲ್ಲಿ ಡೇಟಾ ತಪ್ಪಾದರೆ ಮೊದಲು ಮೂಲ ಎಲ್ಲಿದೆ ಅಂತ ಹುಡುಕುತ್ತೇವೆ. ಇಲ್ಲೂ ಮೂಲ ಇರಲೇಬೇಕು. ‘ಭೂಮಿ’ಗೂ ಮುಂಚಿನ ಕೈಬರಹದ ಪಹಣಿ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತದೆ. ಈಗ ಅವನ್ನು ಸ್ಕ್ಯಾನ್ ಕೂಡ ಮಾಡುತ್ತಿದ್ದಾರೆ. ಆ ಪುಟದ ದೃಢೀಕೃತ ನಕಲು ತೆಗೆಸಿ. ಅದರಲ್ಲಿ ಒತ್ತು ಇದ್ದರೆ ತಪ್ಪು ನಿಮ್ಮಮ್ಮನದಲ್ಲ, ಟೈಪ್ ಮಾಡಿದವರದು ಅಂತ ಕಾಗದದ ಮೇಲೆ ಗೊತ್ತಾಗುತ್ತದೆ. ಶನಿವಾರ ನನಗೆ ರಜೆ. ಕಚೇರಿ ಇದ್ದರೆ ನಾನೇ ಜೊತೆಗೆ ಬರುತ್ತೇನೆ.

ಕ್ಯಾತ್ಸಂದ್ರದವನು:

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಗುಬ್ಬಿ ತಮ್ಮ ಹೇಳಿದ ಹಾಗೆಯೇ ಹೋದೆವು. ಮೂವರೂ, ಅಮ್ಮನನ್ನೂ ಕರೆದುಕೊಂಡು. ರೆಕಾರ್ಡ್ ರೂಮಿನ ಹಿರಿಯರೊಬ್ಬರು ಬೇಸರ ಮಾಡಿಕೊಳ್ಳದೆ ಹುಡುಕಿದರು. ಅಂಚು ಹುಳ ತಿಂದಿತ್ತು, ಆದರೆ ನಮ್ಮ ಸರ್ವೆ ನಂಬರ್‌ನ ಸಾಲು ಗಟ್ಟಿಯಾಗಿತ್ತು. ನೀಲಿ ಶಾಯಿ. ಅಮ್ಮನ ಹೆಸರು ಪೂರ್ತಿ ಇದೆ, ಕೆಳಗೆ ಒತ್ತು ದುಂಡಗೆ ಬರೆದಿದ್ದಾರೆ. ಅಮ್ಮ ಅದರ ಮೇಲೆ ಬೆರಳಿಟ್ಟು ಸುಮ್ಮನೆ ನಿಂತಿದ್ದರು.

ನಕಲು ಸಿಕ್ಕಿದೆ. ತಿದ್ದುಪಡಿ ಅರ್ಜಿಯ ಜೊತೆ ಲಗತ್ತಿಸಿ ಸೋಮವಾರ ಕೊಡುತ್ತಿದ್ದೇವೆ. ಸ್ವೀಕೃತಿ ಚೀಟಿ ಇಲ್ಲದೆ ಕೌಂಟರ್ ಬಿಟ್ಟು ಕದಲುವುದಿಲ್ಲ ಅಂತ ಅಮ್ಮನೇ ಹೇಳಿದ್ದಾರೆ. ಮುಳಬಾಗಿಲು ಅಕ್ಕ, ದೀಪದ ಅರ್ಜಿಯನ್ನು ಪಂಚಾಯ್ತಿಗೂ ಕಂಪನಿಗೂ ಒಟ್ಟಿಗೆ ಕೊಡಿ, ಒಂದರ ನಕಲನ್ನು ಇನ್ನೊಂದಕ್ಕೆ ಲಗತ್ತಿಸಿ. ಬರೆಯಲು ಸಹಾಯ ಬೇಕಾದರೆ ಇಲ್ಲೇ ಹೇಳಿ, ನಾವಿದ್ದೇವೆ. ಮೇಷ್ಟ್ರೇ, ಗ್ರಾಮಸಭೆಯ ತಾರೀಖು ಗೊತ್ತಾದ ಕೂಡಲೇ ಬರೆಯಿರಿ.